ಕೆಮ್ಮಣ್ಣು ಉಳಿದ ಜಾಗ

ಜಡೆ ಊರಿನಿಂದ ಸೊರಬದವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಹಸೆಗೋಡೆ ಬರೆಯಲು ಲೋಕಮ್ಮನೇ ಬರಬೇಕು ಅನ್ನುವ ಕಾಲವೊಂದಿತ್ತು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಪುಂಡಿ ನಾರು ಅದ್ದಿ ಆಕೆ ಗೆರೆ ಎಳೆದಳೆಂದರೆ ದಾರ ಹಿಡಿದು ನೋಡಿದರೂ ಸೊಟ್ಟ ಸಿಗುತ್ತಿರಲಿಲ್ಲ. ಹೊಗಳಿದವರ ಮುಂದೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು, ಇನ್ನೊಂದು ಸಲ ಹೊಗಳಲಿ ಎಂದು ಅಲ್ಲೇ ಸುಳಿದಾಡುತ್ತಿದ್ದಳು ಕೂಡ. ಯಾರ ಹತ್ತಿರ ಕಲಿತೆ ಎಂದು ಕೇಳಿದರೆ ಮಾತ್ರ ಅವಳಿಗೆ ಒಲೆಯ ಮೇಲಿಟ್ಟ ಹಾಲಿನ ನೆನಪಾಗುತ್ತಿತ್ತು.

ಕಲಿತದ್ದು ಹುಲಿಗೆಮ್ಮನ ಹತ್ತಿರ. ಹುಲಿಗೆಮ್ಮ ಬೇರೆ ಯಾರೂ ಅಲ್ಲ, ಗಂಡ ಮಾಸ್ತಪ್ಪನ ಅಣ್ಣ ಚೌಡಪ್ಪನ ಹೆಂಡತಿ. ಲೋಕಮ್ಮ ಅವಳನ್ನು ಕರೆಯುವುದು ಅಕ್ಕ ಎಂದೇ. ಮದುವೆಯಾಗಿ ಬಂದ ವರ್ಷ ಕೈ ಹಿಡಿದು ಗೆರೆ ಎಳೆಸಿದವಳು ಆಕೆ. ಅವಳ ಪಾಠದಲ್ಲಿ ಇದ್ದದ್ದು ಒಂದೇ ಕಟ್ಟಳೆ. ಎಳೆದ ಬಿಳಿ ಗೆರೆಯನ್ನು ಒರೆಸುವ ಹಾಗಿಲ್ಲ. ಕೈ ತಪ್ಪಿದರೆ ಆ ತಪ್ಪಿಗೇ ನಾಲ್ಕು ಎಸಳು ಸೇರಿಸಿ ಹೂ ಮಾಡಬೇಕು. ಹಾಗಾಗಿ ಲೋಕಮ್ಮನ ಮೊದಮೊದಲ ಗೋಡೆಗಳಲ್ಲಿ ಹೂವೋ ಹೂವು.

ಆ ಕಟ್ಟಳೆಯನ್ನು ಅವಳು ಒಂದೇ ಒಂದು ಸಲ ಮುರಿದಳು. ಬ್ರಿಟಿಷರು ತೊಲಗಲಿ ಎಂದು ಊರೂರು ಎದ್ದು ನಿಂತಿದ್ದ ಕಾಲ. ಶಿಕಾರಿಪುರದ ಕಡೆಯ ತವರಿಗೆ ಹೋಗಿದ್ದ ಹುಲಿಗೆಮ್ಮ ಹೆಂಗಸರ ಮೆರವಣಿಗೆಯಲ್ಲಿ ಬಾವುಟ ಹಿಡಿದಳು, ಪೊಲೀಸರು ಎಲ್ಲರನ್ನೂ ಹಿಡಿದು ಜೈಲಿಗೆ ಹಾಕಿದರು. ಬಿಡುಗಡೆಯಾಗಿ ಮನೆಗೆ ಬಂದಾಗ ಮರುವರ್ಷದ ಭೂಮಿ ಹುಣ್ಣಿಮೆ ಹತ್ತಿರವಾಗಿತ್ತು. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಲ್ಲುವ ಹೊತ್ತದು. ಬಸುರಿ ಭೂಮಿಗೆ ಬಯಕೆಯೂಟವೆಂದು ಚರಗದ ಅನ್ನವನ್ನು ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಬೀರುತ್ತಾರೆ. ಆ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುವುದು ಮನೆಯ ಹೆಂಗಸರ ಕೆಲಸ. ಹುಲಿಗೆಮ್ಮ ಬಂದವಳೇ ಬುಟ್ಟಿ ಹಿಡಿದು ಕೂತಳು.

ಲೋಕಮ್ಮ ಆಗ ತುಂಬು ಬಸುರಿ. ಹಿಂದಿನದೊಂದು ಕೂಸು ಹುಟ್ಟುತ್ತಲೇ ಕಣ್ಣು ಮುಚ್ಚಿತ್ತು. ಜೈಲಿನ ಕೂಳು ಉಂಡ ಕೈ ಬುಟ್ಟಿ ಮುಟ್ಟಿದರೆ ಭತ್ತ ಜೊಳ್ಳಾಗುತ್ತದೆ, ಹೊಟ್ಟೆಯ ಕೂಸೂ ಉಳಿಯುವುದಿಲ್ಲ ಎಂದು ಅವಳ ತಲೆಗೆ ಅದೆಲ್ಲಿಂದ ಹೊಕ್ಕಿತೋ. ಅತ್ತೆ ಹೇಳಲಿಲ್ಲ, ಗಂಡಸರು ಹೇಳಲಿಲ್ಲ. ಇವಳೇ ಎದ್ದು ಹೋಗಿ, ಕೆಮ್ಮಣ್ಣಿನ ಮಡಕೆಯಲ್ಲಿ ಬಲಗೈ ಅದ್ದಿ, ಅಕ್ಕನ ತೊಡೆಯ ಮೇಲಿದ್ದ ಬುಟ್ಟಿಯ ಮೇಲೆ ಅಂಗೈ ಎಳೆದಳು. ಬುಟ್ಟಿಯ ಸುತ್ತ ಕೈ ಕೈ ಹಿಡಿದು ನಿಂತಿದ್ದ ಹೆಂಗಸರ ಸಾಲೊಂದು, ಇನ್ನೂ ಹಸಿಯಾಗಿದ್ದದ್ದು, ಕೆಮ್ಮಣ್ಣಿನಡಿ ಹೋಯಿತು. ಹುಲಿಗೆಮ್ಮ ನಾರನ್ನು ತೊಳೆದು ಸೂರಿಗೆ ಸಿಕ್ಕಿಸಿ ಒಳಗೆ ಹೋದಳು.

ಭತ್ತ ಚೆನ್ನಾಗಿಯೇ ಬಂತು. ಲೋಕಮ್ಮನಿಗೆ ಹೆಣ್ಣು ಕೂಸು ಹುಟ್ಟಿ ಉಳಿಯಿತು. ಬಾಣಂತನ ಮಾಡಿದವಳು ಹುಲಿಗೆಮ್ಮ. ಎಣ್ಣೆ ಒತ್ತುವಾಗಲೂ ಆ ವಿಷಯ ಎತ್ತಲಿಲ್ಲ. ಆಮೇಲೆ ಅಣ್ಣತಮ್ಮಂದಿರ ಒಲೆ ಬೇರೆಯಾಯಿತು. ಅಂದಿನಿಂದ ಪ್ರತಿ ಹುಣ್ಣಿಮೆಗೂ ಚೌಡಪ್ಪನ ತಲೆಯ ಮೇಲೆ ಹೋಗುತ್ತಿದ್ದದ್ದು ಬರೀ ಕೆಮ್ಮಣ್ಣಿನ ಬುಟ್ಟಿ, ಒಂದು ಬಿಳಿ ಚುಕ್ಕೆಯಿಲ್ಲದ್ದು. ಯಾಕೆ ಹೀಗೆ ಎಂದು ಕೇಳಿದವರಿಗೆ, ಅಕ್ಕನಿಗೆ ಕಣ್ಣು ಮಂಜಾಗಿದೆ ಎಂದು ಲೋಕಮ್ಮನೇ ಸುಳ್ಳು ಹೇಳುತ್ತಿದ್ದಳು. ಆ ಮಂಜುಗಣ್ಣಿನವಳು ಅಂಗಳದಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು.

ಹೀಗೆ ಹದಿನೈದು ವರ್ಷ ಕಳೆದು ಐವತ್ತೆಂಟನೆಯ ಇಸವಿಯಲ್ಲಿ ಶಿರಾಳಕೊಪ್ಪದಿಂದ ಕಮಲಾಕರ ಮೇಷ್ಟ್ರು ಬಸ್ಸಿಳಿದು ಬಂದರು. ಅಲ್ಲಿಯ ಯುವಕರು ವಾಚನಾಲಯ ಕಟ್ಟಿದ್ದಾರೆ, ನವೆಂಬರ್ ಒಂದಕ್ಕೆ ಬಾಗಿಲು ತೆರೆಯಬೇಕು, ಗೋಡೆಗೆ ಚಿತ್ತಾರ ಬೇಕು ಅಂದರು. ಅಂಚಿನಲ್ಲಿ ಬಿತ್ತನೆ, ನಾಟಿ, ತೆನೆ, ಸುಗ್ಗಿ ಹೀಗೆ ವರ್ಷದ ಕಾಲಗಳು. ನಡುವೆ ನಮ್ಮ ಸೀಮೆಯ ಹೆಂಗಸರು. ಬಂದಳಿಕೆಯ ಶಾಸನದ ಕಲ್ಲಿನಲ್ಲಿರುವ, ನಾಗರಖಂಡ ಆಳಿದ ಜಕ್ಕಿಯಬ್ಬೆಯಿಂದ ಹಿಡಿದು ಜೈಲು ಕಂಡು ಬಂದ ಹೆಂಗಸರವರೆಗೆ. ತನ್ನ ಕೈಯೇ ಬೇಕು ಎಂದು ಅಷ್ಟು ದೂರದಿಂದ ಬಂದರಲ್ಲ ಎಂದು ಲೋಕಮ್ಮ ಉಬ್ಬಿ ಒಪ್ಪಿಕೊಂಡೂ ಬಿಟ್ಟಳು. ಮೇಷ್ಟ್ರು ಏಳುತ್ತಾ, ಹುಲಿಗೆಮ್ಮ ನಿಮ್ಮ ಮನೆಯವರೇ ಅಲ್ಲವೇ, ಆ ಸಾಲು ನಿಮಗಿಂತ ಚೆನ್ನಾಗಿ ಯಾರು ಬರೆದಾರು ಅಂದಾಗ ಅವಳ ಮುಖ ಸುಣ್ಣವಾಯಿತು.

ಕಾಲಗಳೆಲ್ಲ ಸಲೀಸಾಗಿ ಗೋಡೆಗೆ ಬಂದವು. ಜಕ್ಕಿಯಬ್ಬೆಯೂ ಬಂದಳು. ಜೈಲಿನ ಸಾಲಿಗೆ ಬಂದಾಗ ಕೈ ನಿಂತಿತು. ಎಷ್ಟು ಜನ, ಯಾರು ಯಾರು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಒಂದು ದಿನವೂ ಕೇಳಿರಲಿಲ್ಲ. ಬುಟ್ಟಿಯ ಮೇಲೆ ಅಕ್ಕ ಬರೆದದ್ದು ಅವರನ್ನೇ ಇರಬೇಕು, ಒರೆಸುವಾಗ ಸರಿಯಾಗಿ ನೋಡಿಯೂ ಇರಲಿಲ್ಲ. ನಾಚಿಕೆ ನುಂಗಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ಬಂದವಳು ಅಕ್ಕನ ಜಗಲಿಗೆ ಹೋಗಿ, ಕಂಬಕ್ಕೆ ಒರಗಿ, ಆವತ್ತು ಬುಟ್ಟಿಯ ಮೇಲೆ ಯಾರನ್ನು ಬರೆದಿದ್ದೆ ಎಂದು ಕೇಳಿದಳು.

ಹುಲಿಗೆಮ್ಮ ಹುರುಳಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

“ಮುಂದಿದ್ದವಳು ನನ್ನ ತವರಿನ ಉಚ್ಚಂಗಮ್ಮ. ಜೈಲಲ್ಲೇ ಜ್ವರ ಬಂದು ಹೋದ್ಲು. ಅವಳಿಗೂ ಒಂದು ತುತ್ತು ಚರಗ ಮುಟ್ಲಿ ಅಂತ ಬರೆದಿದ್ದೆ.”

ಮಿಕ್ಕವರ ಹೆಸರನ್ನೂ ಒಬ್ಬೊಬ್ಬರದಾಗಿ ಹೇಳಿದಳು. ಜೈಲಿನ ಗೋಡೆಗೆ ಸುಣ್ಣ ಬಳಿಯುತ್ತಾ ಹಾಡಿದವಳು, ಅಲ್ಲೇ ಅಕ್ಷರ ಕಲಿತವಳು, ಮನೆಯ ಕರುವಿನ ಚಿಂತೆಯಲ್ಲೇ ಸೊರಗಿದವಳು. ಲೋಕಮ್ಮ ಮನಸ್ಸಿನಲ್ಲೇ ಸಾಲು ಕಟ್ಟಿಕೊಂಡು, ಕೊನೆಯವಳು ನೀನಲ್ಲವೇ ಅಂದಳು.

“ನಾನು ನಡುವೆ ಇದ್ದೆ. ಕೊನೆಗೆ ಹೊಟ್ಟೆಯೊಳಗೊಂದು ಚುಕ್ಕೆ ಇಟ್ಟು ಬರೆದಿದ್ದೆ ನೋಡು, ಅದು ನೀನು. ಭೂಮ್ತಾಯಿ ನಿನ್ನ ಕೂಸನ್ನ ಈ ಸಲ ಉಳಿಸಿಕೊಡ್ಲಿ ಅಂತ.”

ಲೋಕಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಳು ಕೂಡ ಬರಲಿಲ್ಲ; ಅಳುವುದಕ್ಕೂ ಯೋಗ್ಯತೆ ಬೇಕು ಅನಿಸಿತು. ಹುಲಿಗೆಮ್ಮ ಹುರುಳಿಯನ್ನು ಡಬ್ಬಿಗೆ ಸುರಿದು ದೀಪ ಹಚ್ಚಲು ಎದ್ದಳು.

ವಾಚನಾಲಯ ತೆರೆದ ದಿನ ಶಿರಾಳಕೊಪ್ಪದ ಜನವೆಲ್ಲ ಅಲ್ಲಿತ್ತು. ಜೈಲು ಕಂಡ ಹೆಂಗಸರನ್ನು ಮುಂದಿನ ಜಮಖಾನದ ಮೇಲೆ ಕೂರಿಸಿದ್ದರು, ಹುಲಿಗೆಮ್ಮನೂ ಅವರ ನಡುವೆ ಇದ್ದಳು. ಕಮಲಾಕರ ಮೇಷ್ಟ್ರು ಗೋಡೆ ತೋರಿಸಿ ಮಾತಾಡಿದರು. ಈ ಹೆಂಗಸರನ್ನು ಊರು ಮರೆತಿದ್ದಾಗ ನೆನಪು ಕಾಪಾಡಿದ್ದು ಲೋಕಮ್ಮನ ಕೈ ಅಂದರು. ಜನ ಚಪ್ಪಾಳೆ ತಟ್ಟಿದರು. ಹೊಗಳಿಕೆ ಎಂದರೆ ಕಿವಿ ಅರಳಿಸುತ್ತಿದ್ದವಳಿಗೆ ಆವತ್ತು ಒಂದೊಂದು ಮಾತೂ ಬೆಂಕಿ ತಾಗಿದ ಹಾಗಾಯಿತು. ಶಾಲು ಹೊದಿಸಲು ಬಂದ ಮೇಷ್ಟ್ರಿಗೆ ಹೆಂಗಸರ ಸಾಲಿನ ತುದಿ ಕಣ್ಣಿಗೆ ಬಿತ್ತು. ಅಲ್ಲಿ ಕೊನೆಯವಳ ಕೈ ಏನನ್ನೋ ಹಿಡಿಯಲು ಚಾಚಿತ್ತು. ಆಚೆಗೆ ಅಂಗೈ ಎಳೆದ ಗುರುತಿನ ಬರೀ ಕೆಮ್ಮಣ್ಣು.

“ಇಲ್ಲೇನೋ ತಪ್ಪಿದೆಯಲ್ಲ ಲೋಕಮ್ಮ. ಒಂದು ಹೂ ಬರೆದುಬಿಡ್ರೀ, ಮುಚ್ಚಿಹೋಗುತ್ತೆ.”

“ಇದು ಹೂವಾಗೋ ತಪ್ಪಲ್ಲ ಮೇಷ್ಟ್ರೇ,” ಅಂದಳು ಲೋಕಮ್ಮ. ದನಿ ಅವಳದೆಂದು ಅವಳಿಗೇ ಅನಿಸಲಿಲ್ಲ. “ಈ ಸಾಲು ಮೊದಲು ಬುಟ್ಟಿ ಮೇಲೆ ನಮ್ಮಕ್ಕ ಬರೆದದ್ದು. ಜೈಲಿಂದ ಬಂದ ಕೈ ಅಂತ ನಾನು ಒರೆಸಿದೆ. ಆ ಜಾಗದಲ್ಲಿ ನನ್ನನ್ನೇ ಬರೆದಿದ್ಲು.”

ಚಪ್ಪಾಳೆ ತಟ್ಟಿದ ಕೈಗಳು ಮಡಿಲಿಗೆ ಬಂದವು. ಯಾರೋ ಕೆಮ್ಮಿದರು. ಮೇಷ್ಟ್ರು ಶಾಲನ್ನು ಹಿಡಿದೇ ನಿಂತರು, ಲೋಕಮ್ಮ ಅದನ್ನು ದಾಟಿಕೊಂಡು ತಲೆ ತಗ್ಗಿಸಿ ಹೊರಗೆ ನಡೆದಳು.

ಬಸ್ಸಿನಲ್ಲಿ ಹುಲಿಗೆಮ್ಮ ಬಂದು ಪಕ್ಕದಲ್ಲೇ ಕೂತಳು. ಕಿಟಕಿಯಾಚೆ ಭತ್ತದ ಗದ್ದೆಗಳು ತೆನೆ ಬಾಗಿಸಿಕೊಂಡು ಹಿಂದೆ ಸರಿಯುತ್ತಿದ್ದವು.

“ಬರೋ ವರ್ಷ ಬುಟ್ಟಿ ನಾನು ಬರಿತೀನಿ,” ಅಂದಳು ಹುಲಿಗೆಮ್ಮ, ಗದ್ದೆಯನ್ನೇ ನೋಡುತ್ತಾ. “ಕೆಮ್ಮಣ್ಣು ನೀನು ಬಳಿದುಕೊಡು. ಈ ಸಲ ಬರೆಯೋಕೆ ಮೊದಲೇ ಬಳಿ.”

ಲೋಕಮ್ಮ ಮಡಿಲಲ್ಲಿದ್ದ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, ಊರು ಬರುವ ತನಕ ಹಾಗೇ ಕೂತಿದ್ದಳು.