ಕೋಗಳಿಗೆ ಮುಟ್ಟದ ಮಾತು

ಜೈಬು, ಅವ್ವ ಹಡಗು ಹತ್ತುವ ಮುಂಚೆ ನನ್ನನ್ನು ನಿಮ್ಮೂರು ಕೋಗಳಿಗೆ ಕಳಿಸಿದ ದಿನ ನಾನು ನಿಮ್ಮ ಮನೆಗೆ ಬರಲೇ ಇಲ್ಲ. ನಿನ್ನ ತಾಯಿಯ ಮುಖ ನೋಡಲಿಲ್ಲ. ಕೊಟ್ಟೂರಿಗೆ ವಾಪಸ್ ಹೋಗಿ, ದೊಡ್ಡವ್ವ ಮಾಫ್ ಮಾಡಿದಳು ಎಂದು ಅವ್ವನಿಗೆ ಸುಳ್ಳು ಹೇಳಿದೆ. ಆ ಸುಳ್ಳನ್ನೇ ನಂಬಿ ಅವಳು ಕಡಲು ದಾಟಿದಳು. ಹೋದ ವರ್ಷ ಅದನ್ನೇ ನಂಬಿಕೊಂಡು ಮಣ್ಣಿಗೂ ಸೇರಿದಳು.

ಆಗ ನಮ್ಮೆರಡು ಮನೆಗಳ ನಡುವೆ ಹೋಗಿಬರುವುದು ನಿಂತುಹೋಗಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಆ ದಿನಗಳು ಹೇಗಿದ್ದವೆಂದು ನೀನು ನೋಡಿಲ್ಲ. ತೊಂಬತ್ತರ ದಶಕದ ಶುರು. ಹಜ್‌ಗೆ ಬೊಂಬಾಯಿಯಿಂದ ಇನ್ನೂ ಹಡಗು ಹೋಗುತ್ತಿದ್ದ ಕೊನೆಯ ವರ್ಷಗಳು. ಹತ್ತಿ ಹಿಂಜಿ ಗಾದಿ ಹೊಲಿಯುವ ನಮ್ಮಂಥವರ ಮನೆಯಿಂದ ಗಂಡ-ಹೆಂಡತಿ ಇಬ್ಬರೂ ಹಡಗು ಹತ್ತುತ್ತಾರೆಂದರೆ — ಓಣಿಗೆ ಓಣಿಯೇ ಹೊರಟು ನಿಂತ ಹಾಗಿತ್ತು. ಕೆರೆ ತುಂಬಿದರೆ ಅದನ್ನೇ ದೊಡ್ಡ ನೀರು ಎನ್ನುವ ಜನ ನಾವು. ಓಣಿಯಲ್ಲಿ ಕಡಲು ಕಂಡವರು ಒಬ್ಬರೂ ಇರಲಿಲ್ಲ, ಕಡಲಿನ ಬಗ್ಗೆ ಬುದ್ಧಿ ಹೇಳದೆ ಬಿಟ್ಟವರೂ ಒಬ್ಬರಿರಲಿಲ್ಲ.

ಹಡಗು ತೂಗಾಡುತ್ತದೆ, ರೂಢಿ ಇಲ್ಲದವರಿಗೆ ವಾಂತಿಯಾಗುತ್ತದೆ ಎಂದು ಯಾರೋ ಅಪ್ಪನ ಕಿವಿಗೆ ಹಾಕಿದರು. ಅಪ್ಪ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಯೇಬಿಟ್ಟ. ದಿನಾ ಸಂಜೆ ಅವ್ವನನ್ನು ಅದರ ಮೇಲೆ ಕೂರಿಸಿ ತೂಗುವುದು! ಐವತ್ತು ದಾಟಿದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಾಚಿ ನಗುತ್ತಿದ್ದಳು. ಪಕ್ಕದ ಮನೆಯ ಗೌರಕ್ಕ ಗೋಡೆಯ ಮೇಲಿಂದ ಇಣುಕಿ, “ಮಕ್ಕಾ ಬಂತೇನವ್ವಾ? ಬಂದ್ರ ನಮ್ಮ ಹೆಸರು ಹೇಳಿ ಒಂದು ಕೈ ಮುಗಿ” ಎಂದು ಕೂಗುತ್ತಿದ್ದಳು. ಅದೇ ಗೌರಕ್ಕ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿ ಎಲ್ಲ ಕಟ್ಟಿಕೊಟ್ಟು, ಜೊತೆಗೆ ಒಂದು ಚೀಲ ಮಂಡಕ್ಕಿಯನ್ನೂ ತಂದಿಟ್ಟಳು. “ಇದನ್ನೂ ಒಯ್ರಿ. ಹಡಗಿಗೆ ಭಾರ ಆಗಂಗಿಲ್ಲ.”

ಅಪ್ಪ ಹಡಗಿಗೆಂದು ಹೊಲಿದ ಗಾದಿಗಳನ್ನು ಎಷ್ಟು ಸಲ ಬಿಚ್ಚಿ ಮತ್ತೆ ಹೊಲಿದನೋ. ಊರಿಗೆಲ್ಲ ಅಳತೆ ಹಿಡಿದು ಗಾದಿ ಮಾಡಿಕೊಟ್ಟವನಿಗೆ ಹಡಗಿನಲ್ಲಿ ತನಗೆಷ್ಟು ಜಾಗ ಸಿಗುತ್ತದೆಂದು ಗೊತ್ತಿರಲಿಲ್ಲ. ಆ ಜೋಕಾಲಿ, ಆ ಹೊಸ ಅರಳೆಯ ವಾಸನೆ, ಮನೆ ತುಂಬ ಜನ — ನನ್ನ ಬದುಕಿನ ಅತ್ಯಂತ ಸಂತೋಷದ ದಿನಗಳು ಯಾವುವೆಂದು ಕೇಳಿದರೆ ನಾನು ಅವನ್ನೇ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ.

ಹಜ್‌ಗೆ ಹೋಗುವವರು ಮನೆಮನೆಗೆ ಹೋಗಿ ಮಾಫಿ ಕೇಳಬೇಕಲ್ಲ. ಅವ್ವ ಒಂದು ಮನೆಯನ್ನೂ ಬಿಡಲಿಲ್ಲ. ವಾರವಾರ ಸಂತೆಯಲ್ಲಿ ಜಗಳವಾಡುತ್ತಿದ್ದ ಬದನೆಕಾಯಿಯವಳ ಹತ್ತಿರವೂ ಹೋಗಿ, “ಹೆಚ್ಚು ಕಡಿಮಿ ಮಾತಾಡಿದ್ರ ಮಾಫ್ ಮಾಡವ್ವಾ” ಎಂದಳು. ಅವಳು ಗಾಬರಿಯಾಗಿ ಅವ್ವನ ಉಡಿಗೆ ಬದನೆಕಾಯಿ ಸುರಿದಳಂತೆ. ದೊಡ್ಡವ್ವನ ಮನೆಯನ್ನು ಮಾತ್ರ ಕೊನೆಗೆ ಇಟ್ಟುಕೊಂಡಿದ್ದಳು. ಅಲ್ಲಿ ಹೊತ್ತು ಬೇಕು, ಇಡೀ ದಿನ ಇರಬೇಕು ಎನ್ನುತ್ತಿದ್ದಳು. ಅಷ್ಟರಲ್ಲಿ ಯಾತ್ರೆಗೆ ಹಾಕಿಸಿಕೊಂಡ ಇಂಜೆಕ್ಷನ್ನಿಗೆ ತೋಳು ಬಾತು, ಜ್ವರ ಬಂದು ಮಲಗಿಬಿಟ್ಟಳು. ಮರುದಿನ ಬೆಳಿಗ್ಗೆ ಹುಬ್ಬಳ್ಳಿಗೆ ಹೊರಡಬೇಕಿತ್ತು, ಅಲ್ಲಿಂದ ರೈಲು.

ಅವ್ವ ನನ್ನನ್ನು ಹತ್ತಿರ ಕರೆದಳು. “ಹುಸೇನಿ, ಕೋಗಳಿಗೆ ಹೋಗು. ಅಕ್ಕನ ಕೈ ಹಿಡ್ಕೊಂಡು ನಾ ಹೇಳಿದಂಗ ಹೇಳು — ಅಕ್ಕಾ, ನನ್ನ ಮಾತು ನಿನ್ನ ನೋಯಿಸೇತಿ, ಮಾಫ್ ಮಾಡು. ನೀ ಮಾಫ್ ಅಂದ್ರ ಹಡಗು ಹತ್ತತೀನಿ, ಇಲ್ಲಾಂದ್ರ ಇಲ್ಲ.”

ನೋಯಿಸಿದ ಆ ಮಾತು ಯಾವುದು, ಜೈಬು? ನಿನ್ನನ್ನು ಸೊಸೆ ಮಾಡಿಕೊಳ್ಳುವುದಿಲ್ಲ ಎಂದದ್ದು. ಅದು ಅವ್ವನ ಮಾತೇ ಅಲ್ಲ. ಒಲ್ಲೆ ಎಂದವನು ನಾನು. ನಿನ್ನಲ್ಲಿ ಏನು ಕೊರತೆ ಕಂಡೆ? ಏನೂ ಇಲ್ಲ. ನನ್ನ ಗೆಳೆಯರೆಲ್ಲ ಲಿಂಗಾಯತರ, ಕುರುಬರ ಹುಡುಗರು. ಅವರ ಮನೆಗಳಲ್ಲಿ ತಾಯಿಯ ಅಕ್ಕನ ಮಗಳೆಂದರೆ ಒಡಹುಟ್ಟಿದವಳ ಲೆಕ್ಕ. “ದೊಡ್ಡವ್ವನ ಮಗಳು ಅಂದ್ರ ತಂಗಿ ಅಲ್ಲೇನಲೇ? ರಾಖಿ ಕಟ್ಟಿಸ್ಕೊಳ್ಳಾದು ಬಿಟ್ಟು ಬಾಸಿಂಗ ಕಟ್ಟಿಕೊಂತೀಯೇನು?” ಎಂದು ನಕ್ಕರು. ನಮ್ಮಲ್ಲಿ ನಡೆಯುತ್ತದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನನಗೆ ನಾಲ್ಕು ಜನರ ನಗು ದೊಡ್ಡದಾಯಿತು. ಅವ್ವ ಎಷ್ಟು ಕೇಳಿದರೂ ಒಲ್ಲೆ ಎಂದೆ. ಕೊನೆಗೆ ಅವಳು ಅಕ್ಕನ ಮುಂದೆ ನನ್ನ ಹೆಸರು ಎತ್ತದೆ, “ನನಗಽ ಮನಸಿಲ್ಲಕ್ಕಾ” ಎಂದು ತಾನೇ ಕೆಟ್ಟವಳಾದಳು.

ಈಗ ಅದೇ ಮಾತಿಗೆ ಮಾಫಿ ಕೇಳಲು ನನ್ನನ್ನೇ ಕಳಿಸುತ್ತಿದ್ದಳು. ಸೈಕಲ್ ಹತ್ತಿದೆ. ಕೋಗಳಿಯವರೆಗೂ ಬಂದೆ ಜೈಬು, ಅದು ಸುಳ್ಳಲ್ಲ. ಬಸದಿಯ ಹತ್ತಿರ ಸೈಕಲ್ ನಿಲ್ಲಿಸಿದೆ. ಬಾಗಿಲು ತೆರೆಯುವವಳು ನೀನೇ ಆದರೆ? ಏನೆಂದು ಮುಖ ಎತ್ತಲಿ? ಬಸದಿಯ ನೆರಳಲ್ಲಿ ಕೂತೆ. ನಿಮ್ಮ ಮನೆಯ ಕಡೆಯಿಂದ ಹತ್ತಿ ಹಿಂಜುವ ಬಿಲ್ಲಿನ ಸದ್ದು ಕೇಳುತ್ತಿತ್ತು — ಗಂಡ ತೀರಿದ ಮೇಲೆ ದೊಡ್ಡವ್ವ ತಾನೇ ಬಿಲ್ಲು ಹಿಡಿದಿದ್ದಳಲ್ಲ. ಆ ಸದ್ದು ನಿಂತ ಮೇಲೆ ಹೋಗೋಣ ಎಂದುಕೊಂಡೆ. ಸದ್ದು ನಿಂತಿತು. ನಾನು ಎದ್ದು ಸೈಕಲ್ಲನ್ನು ಕೊಟ್ಟೂರಿನ ಕಡೆಗೆ ತಿರುಗಿಸಿದೆ.

ಅವ್ವ ಹಾಸಿಗೆಯಲ್ಲೇ ಎದ್ದು ಕೂತಿದ್ದಳು.

“ಮಾಫ್ ಮಾಡೀನಿ, ಹೋಗಿ ಬಾ ಅಂದ್ಲು ದೊಡ್ಡವ್ವ.”

“ಮತ್ತೇನಂದ್ಲು?”

“ಅತ್ತಳು” ಎಂದೆ. ಆ ಒಂದು ಮಾತನ್ನು ಯಾಕೆ ಸೇರಿಸಿದೆನೋ. ಅವ್ವ ತಾನೂ ಅತ್ತಳು, ನಕ್ಕಳು, ಬಾತ ತೋಳಿನಲ್ಲೇ ನನ್ನ ತಲೆ ಸವರಿದಳು. ಹಡಗಿನಲ್ಲಿ ಪಕ್ಕದ ಗಾದಿಯವರಿಗೆಲ್ಲ ಇದನ್ನೇ ಹೇಳುತ್ತಿದ್ದಳೆಂದು ಅಪ್ಪ ಆಮೇಲೆ ಹೇಳಿದ — ನಮ್ಮಕ್ಕ ಅತ್ತು ಮಾಫ್ ಮಾಡ್ಯಾಳ ನೋಡ್ರಿ, ಅದ್ಕ ನನಗ ಹೊಟ್ಟಿ ತೊಳಸವಲ್ದು ಎಂದು.

ಅವರು ಇನ್ನೂ ಕಡಲ ಮೇಲೆ ವಾಪಸ್ ಬರುತ್ತಿರುವಾಗಲೇ ದೊಡ್ಡವ್ವ ತೀರಿಕೊಂಡಳು. ಅವ್ವ ಅಕ್ಕನಿಗೆಂದು ತಂದ ಜಮ್‌ಜಮ್ ನೀರು, ಖರ್ಜೂರ ಹಿಡಿದು ನಿಮ್ಮ ಮನೆಗೆ ಬಂದಾಗ ನಾನೂ ಹಿಂದೆ ಇದ್ದೆ. ನೀನು ಒಳಗಿಂದ ಒಂದು ಸಣ್ಣ ದಿಂಬು ತಂದು ಅವ್ವನ ತೊಡೆಯ ಮೇಲಿಟ್ಟೆ. “ಚಿಗವ್ವಾ, ನೀ ಹೊರಡೋ ಹಿಂದಿನ ದಿನ ಅವ್ವ ತಾನಽ ಬೂರುಗದ ಹತ್ತಿ ಹಿಂಜಿ ಹೊಲದಿಟ್ಟಿದ್ಲು. ಕಡಲಾಗ ತಂಗಿ ತಲಿಗೆ ಮೆತ್ತಗಿರ್ಲಿ ಅಂತ.”

ಬಸದಿಯ ನೆರಳಲ್ಲಿ ಕೂತು ನಾನು ಕೇಳಿದ್ದು ಆ ದಿಂಬಿನ ಸದ್ದು.

ಅವ್ವ ದಿಂಬನ್ನು ಎದೆಗೆ ಒತ್ತಿಕೊಂಡಳು. “ಹುಸೇನಿ ಬಂದಾಗ ಬಾಯಿಂದ ಮಾಫ್ ಮಾಡಿದ್ಲು, ಕೈಯಿಂದಾನೂ ಮಾಡಿ ಹೋಗ್ಯಾಳ ನನ್ನಕ್ಕ” ಎಂದಳು. ನೀನು ಏನೋ ಹೇಳಲು ಬಾಯಿ ತೆರೆದೆ. ನನ್ನ ಕಡೆ ನೋಡಿದೆ. ನಾನು ನೆಲ ನೋಡಿದೆ. ನೀನು ನೀರು ತರಲು ಒಳಗೆ ಹೋದೆ. ಅವತ್ತು ನೀನು ಒಂದು ಮಾತು ಆಡಿದ್ದರೆ ಅವ್ವನ ಯಾತ್ರೆ ಅಲ್ಲೇ ಮುರಿದು ಬೀಳುತ್ತಿತ್ತು. ಆಮೇಲೂ ನೀನು ನನ್ನನ್ನು ಏನೂ ಕೇಳಲಿಲ್ಲ, ಯಾವ ಮದುವೆಯಲ್ಲೂ, ಯಾವ ಹಬ್ಬದಲ್ಲೂ. ಆದರೆ ನಿನ್ನ ತಾಯಿ ಬಾಗಿಲಿಗೆ ಕಣ್ಣು ನೆಟ್ಟು ಕೂತಿದ್ದಳಲ್ಲ? ಊರಿನವರನ್ನೆಲ್ಲ ಮಾಫಿ ಕೇಳಿದ ತಂಗಿ ತನ್ನನ್ನು ಮಾತ್ರ ಮರೆತಳು ಎಂದುಕೊಂಡೇ ಹೋದಳಲ್ಲ? ನನ್ನ ಅವ್ವನಿಗೆ ಸುಳ್ಳಿನ ಸಮಾಧಾನವಾದರೂ ಸಿಕ್ಕಿತು. ದೊಡ್ಡವ್ವನಿಗೆ — ಏನೂ ಇಲ್ಲ.

ಅವ್ವ ಕೊನೆಯವರೆಗೂ ಆ ದಿಂಬಿಗೇ ತಲೆಯಿಟ್ಟಳು. ಈಗ ಅದು ನನ್ನ ಹತ್ತಿರ ಇದೆ. ಹತ್ತಿ ಗಂಟುಗಟ್ಟಿದೆ, ಬಿಚ್ಚಿ ಹಿಂಜಬೇಕು. ಊರವರ ಹಳೇ ಗಾದಿಗಳನ್ನೆಲ್ಲ ಬಿಚ್ಚುವ ಕೈ ಇದರ ಹೊಲಿಗೆಯನ್ನು ಮುಟ್ಟುವುದಿಲ್ಲ. ಅದು ನಿನ್ನ ಮನೆಯದು.

ಬುಧವಾರ ತರುತ್ತೇನೆ. ಈ ಸಲ ಬಸದಿಯ ಹತ್ತಿರ ನಿಲ್ಲುವುದಿಲ್ಲ. ನೀನು ಮಾಫ್ ಮಾಡಬೇಕೆಂದು ಬರುತ್ತಿಲ್ಲ. ಅದನ್ನು ಕೇಳುವ ಬಾಯಿ ನನಗಿಲ್ಲ. ಆದರೆ ನನಗೊಂದು ಮಾತು ಒಪ್ಪಿಸಿದ್ದರು, ಅದು ಮುಟ್ಟಬೇಕಾದಲ್ಲಿಗೆ ಮುಟ್ಟಿಲ್ಲ. ದೊಡ್ಡವ್ವ ಕಾದು ಕೂತಿದ್ದ ಆ ಹೊಸ್ತಿಲ ಮುಂದೆ ನಿಂತು, ನೀನು ಬಾಗಿಲು ತೆರೆದರೂ ಸರಿ, ತೆರೆಯದಿದ್ದರೂ ಸರಿ, ಅವ್ವ ಹೇಳಿದಂತೆಯೇ ಹೇಳುತ್ತೇನೆ — ಅಕ್ಕಾ, ನನ್ನ ಮಾತು ನಿನ್ನ ನೋಯಿಸೇತಿ, ಮಾಫ್ ಮಾಡು. ನೀ ಮಾಫ್ ಅಂದ್ರ ಹಡಗು ಹತ್ತತೀನಿ, ಇಲ್ಲಾಂದ್ರ ಇಲ್ಲ.