ದವಾಖಾನೆ ಲೈನಿನ ಅಳಿಯ

ಇವತ್ತು ಸಂಜೆ ಕರೆಂಟ್ ಹೋಯಿತು. ಕಲಬುರಗಿಯ ನಮ್ಮ ಮನೆಯ ಮೂಲೆಯಲ್ಲಿರುವ ಇನ್ವರ್ಟರ್ ಟಕ್ ಎಂದಿತು, ಫ್ಯಾನ್ ನಿಲ್ಲದೆ ತಿರುಗಿತು. ಆ ಸದ್ದಿಗೆ ನನ್ನ ಎದೆಯೂ ಒಮ್ಮೆ ಟಕ್ ಎನ್ನುತ್ತದೆ. ಬ್ಯಾಟರಿಯಲ್ಲಿ ನೀರಿದೆಯೋ ಇಲ್ಲವೋ, ಆಸಿಡ್ ಸೋರೀತೋ, ಸಿಡಿದೀತೋ. ಒಂದು ಕಾಲದಲ್ಲಿ ಕರೆಂಟ್ ಇಲ್ಲವೆಂದು ಚಿಂತಿಸುತ್ತಿದ್ದವನು ಈಗ ಇದೆಯಲ್ಲಾ ಎಂದು ಚಿಂತಿಸುತ್ತೇನೆ; ಚಿಂತೆಗೆ ಮಾತ್ರ ಯಾವತ್ತೂ ಕರೆಂಟ್ ಹೋಗಿಲ್ಲ. ಅಷ್ಟರಲ್ಲಿ ಎದುರು ಮನೆಯವರು ಫೋನು, ಚಾರ್ಜರು ಹಿಡಿದು ಒಳಗೆ ಬಂದರು. ಅವರ ಹಿಂದೆ ಅವರ ನೆಂಟರು. ನಾನು ಫ್ಯಾನು ಜೋರು ಮಾಡಿ, ಸ್ವಂತ ವಿದ್ಯುತ್ ಕೇಂದ್ರದ ಮಾಲೀಕನ ಗತ್ತಿನಲ್ಲಿ, "ಕೂಡ್ರಿ, ಚಾ ಕುಡೀರಿ" ಎಂದೆ. ಅಡುಗೆಮನೆಯಲ್ಲಿ ಹೆಂಡತಿಯ ಕೈಯ ಪಾತ್ರೆಯೊಂದು ಬೇಕಾದ್ದಕ್ಕಿಂತ ಜೋರಾಗಿ ಒಲೆಯ ಮೇಲೆ ಕೂತಿತು. ಅದನ್ನು ಕೇಳಿದ್ದೇ ನನಗೆ ನೀಲಕ್ಕನ ನೆನಪಾಯಿತು.

ನೀಲಕ್ಕ ನನ್ನ ಅಕ್ಕ. ಎಂಬತ್ತರ ದಶಕದ ಕೊನೆಗೆ, ಅವಳಿಗೆ ಗಂಡು ಹುಡುಕುತ್ತಿದ್ದಾಗ, ನಾವು ಕಲಬುರಗಿ ಬಳಿಯ ಕಮಲಾಪುರದಲ್ಲಿದ್ದೆವು. ಅಲ್ಲಿ ಕರೆಂಟು ದೊಡ್ಡ ಸಾಹೇಬರಿದ್ದಂತೆ. ಬರುತ್ತೇನೆಂದು ಹೇಳಿ ಬರುತ್ತಿರಲಿಲ್ಲ, ಬಂದರೆ ಹೇಳದೆ ಹೋಗುತ್ತಿತ್ತು. ಬಂತೆಂದರೆ ಊರಿಗೆ ಊರೇ ಜೋಳದ ಡಬ್ಬಿ ಹೊತ್ತು ಗಿರಣಿಗೆ ಓಡಬೇಕು. ನಮ್ಮ ಪಾಳಿ ಬಂದು ಅರ್ಧ ಬೀಸುವಷ್ಟರಲ್ಲಿ ಹೋಯಿತೆಂದರೆ ಮನೆಗೆ ಬರುವುದು ಅರ್ಧ ಹಿಟ್ಟು, ಅರ್ಧ ನುಚ್ಚು. ಅಂಥ ಹಿಟ್ಟಿನ ರೊಟ್ಟಿ ಬಡಿದರೆ ಅಂಚಿಗೆಲ್ಲ ಹರಿಯುತ್ತಿತ್ತು. ಅಪ್ಪ ಅದನ್ನು ತಿನ್ನುತ್ತಲೇ ಸರ್ಕಾರವನ್ನು ಬೈಯುತ್ತಿದ್ದ. ರೊಟ್ಟಿಗಿಂತ ಬೈಗುಳವೇ ಹದವಾಗಿರುತ್ತಿತ್ತು.

ಹೀಗಾಗಿ ಮಗಳ ಮದುವೆಯ ವಿಷಯದಲ್ಲಿ ಅಪ್ಪನದು ಒಂದೇ ಪಟ್ಟು. ಕಲಬುರಗಿಯಲ್ಲಿ ಎಲ್ಲ ಓಣಿಗಳ ಕರೆಂಟ್ ಹೋದರೂ ದವಾಖಾನೆಯ ಲೈನಿನಲ್ಲಿ ಹೋಗುತ್ತಿರಲಿಲ್ಲ. ಆ ತಂತಿಯನ್ನು ಹಂಚಿಕೊಂಡ ಕೆಲವು ಮನೆಗಳವರು ರೋಗಿಗಳ ಪುಣ್ಯದಿಂದ ತಣ್ಣಗೆ ಮಲಗುತ್ತಿದ್ದರು. ಸಂಬಂಧ ತಂದವರು ಬಾಯಿ ತೆರೆಯುವ ಮೊದಲೇ ಅಪ್ಪ ತಡೆಯುತ್ತಿದ್ದ: "ಹುಡುಗ ಏನ್ ಓದ್ಯಾನ ಅನ್ನೂದು ಆಮ್ಯಾಲ ಹೇಳ್ರಿ. ಮನಿ ಯಾವ ಲೈನಿನಾಗ ಅದ?"

ಕೊನೆಗೆ ಅಂಥದೊಂದು ಮನೆ ಸಿಕ್ಕಿತು. ಸುಡುಬಿಸಿಲಲ್ಲಿ ಅಪ್ಪ, ನಾನು ಇಬ್ಬರೂ ಹೋದೆವು. ಅಪ್ಪ ಫ್ಯಾನಿನ ಕೆಳಗೆ ಕೂತ, ಮಾತಿನ ನಡುವೆ ಗೋಡೆಗೆ ಒರಗಿದ, ಹಾಗೇ ನಿದ್ದೆಹೋದ. ಎದ್ದಾಗಲೂ ಫ್ಯಾನು ತಿರುಗುತ್ತಿತ್ತು. ಕಣ್ಣೊರೆಸಿಕೊಂಡು, "ನಮಗ ಹುಡುಗ ಪಸಂದ ಅದಾನ್ರಿ" ಎಂದ. ಹುಡುಗ ಇನ್ನೂ ಆಫೀಸಿನಿಂದ ಬಂದೇ ಇರಲಿಲ್ಲ.

ಮದುವೆಯಾಯಿತು. ಅಪ್ಪನ ಲೆಕ್ಕ ತಪ್ಪಲಿಲ್ಲ, ಆ ಮನೆಯಲ್ಲಿ ಕರೆಂಟು ಹೋಗಲೇ ಇಲ್ಲ. ತೊಂದರೆಯಾದದ್ದು ಅದರಿಂದಲೇ. ಸುತ್ತಲಿನ ಓಣಿಗಳಲ್ಲಿ ಕತ್ತಲಾದ ಕೂಡಲೇ ಬಂಧುಬಳಗವೆಲ್ಲ ಅಲ್ಲಿಗೆ ಬಂದು ಇಳಿಯುತ್ತಿತ್ತು. ಒಬ್ಬರಿಗೆ ಚಟ್ನಿ ರುಬ್ಬಬೇಕು, ಇನ್ನೊಬ್ಬರ ಮಗ ಪರೀಕ್ಷೆಗೆ ಓದಬೇಕು, ಉಳಿದವರಿಗೆಲ್ಲ ಟಿವಿ. ಪಕ್ಕದ ಓಣಿಯ ದರ್ಜಿ ಚಾಚಾ ಹೊಲಿದ ಅಂಗಿಗಳ ಗಂಟನ್ನೇ ತಂದು ಇಸ್ತ್ರಿಗೆ ನಿಲ್ಲುತ್ತಿದ್ದ. "ಬೇಟಿ, ತುಮ್ಹಾರಾ ಘರ್ ಜನ್ನತ್ ಅದ ನೋಡವಾ," ಅನ್ನುತ್ತಿದ್ದ. ಸ್ವರ್ಗದಲ್ಲಿ ಚಹಾ ಮಾಡುವವರು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ. ಅಕ್ಕನ ಅತ್ತೆ "ನಮ್ಮ ಮನ್ಯಾಗ ಲೈಟ್ ಹೋಗಂಗಿಲ್ರಿ" ಎಂದು ಹೇಳುವ ಠೀವಿಗೆ, ಅವರ ಸೆರಗಿನಲ್ಲೇ ಜನರೇಟರ್ ಇದೆಯೇನೋ ಅನ್ನಿಸುತ್ತಿತ್ತು.

ಅಕ್ಕ ಬಸುರಿಯಾದಳು. ಸೀಮಂತದ ಕುಬಸ ಮುಗಿಯಿತು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಲೆಂದು ಅಪ್ಪ, ನಾನು ಹೋದೆವು. ಮನೆ ತುಂಬ ಕರೆಂಟಿನ ನೆಂಟರು. ಅಕ್ಕ ಚಹಾದ ತಟ್ಟೆ ಹಿಡಿದು ನಿಂತಿದ್ದಳು; ಪಾದ ಬಾತು ಕಾಲುಂಗುರ ಬೆರಳನ್ನು ಕಚ್ಚಿಕೊಂಡಿತ್ತು.

"ಕಮಲಾಪುರದ ಕತ್ತಲ್ಯಾಗ ಬಾಣಂತನ ಹೆಂಗ ಮಾಡ್ತೀರಿ ಬೀಗರ?" ಎಂದರು ಅತ್ತೆ. "ಇಲ್ಲೇ ಇರ್ಲಿ. ಲೈಟ್ ಅದಾವ, ಬಾಜೂಕ ದವಾಖಾನಿ ಅದ."

ಅಪ್ಪ ತಲೆಯೆತ್ತಿ ತಿರುಗುವ ಫ್ಯಾನು ನೋಡಿದ. ಇದು ಅವನದೇ ಮಾತು. ಬಡ್ಡಿಸಮೇತ ತಿರುಗಿ ಬಂದಿತ್ತು. ಅಕ್ಕ ಒಮ್ಮೆ ಅವನ ಮುಖ ನೋಡಿ, ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳ ಹಿಂದೆಯೇ ಭಾವನೂ ಎದ್ದು ಹೋದ.

ಆಗ ಲೈಟ್ ಹೋದವು. ಟಿವಿ ಸತ್ತಿತು. ಚಾಚಾನ ಇಸ್ತ್ರಿ ಅರ್ಧ ತೋಳಿನ ಮೇಲೆ ತಣ್ಣಗಾಯಿತು. ಭಾವ ಮೀಟರ್ ಕಡೆಯಿಂದ ಬಂದು, "ಫ್ಯೂಜ್ ಹಾರ್ಯದ ಅವ್ವಾ. ನಾಳಿಗಿ ಲೈನ್‌ಮನ್ ಬರೂ ತನಕ ಏನೂ ಆಗಂಗಿಲ್ಲ" ಎಂದ. ಮನೆಗೆ ಬೆಂಕಿ ಬಿತ್ತೆಂದು ನಾನು ಗೋಡೆಗೋಡೆಗೆ ಮೂಗು ಹಚ್ಚಿ ಸುಟ್ಟ ವಾಸನೆ ಹುಡುಕಿದೆ. ಸುಣ್ಣದ ವಾಸನೆ ಸಿಕ್ಕಿತು. ನೆಂಟರು ಒಬ್ಬೊಬ್ಬರಾಗಿ ಎದ್ದು, ಬೆಳಕಿದ್ದ ಪಕ್ಕದ ಮನೆಗೆ ನಡೆದರು. ಜನ್ನತ್ ಒಂದು ಗೋಡೆ ಆಚೆ ಸರಿಯಿತು. ಎಂದೂ ಕರೆಂಟ್ ಹೋಗದ ಆ ಮನೆಯಲ್ಲಿ ಒಂದು ಕಂದೀಲೂ ಇರಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಸೆರಗಿನಿಂದ ಗಾಳಿ ಹಾಕಿಕೊಂಡರು. ಆಮೇಲೆ ಅಂದರು: "ಬಸುರಿ ಹೆಣಮಗಳು ಕತ್ತಲ್ಯಾಗ ಎಡವಿದ್ರ ನನ್ನ ಮ್ಯಾಲ ಬರ್ತದ. ಕರಕೊಂಡ ಹೋಗ್ರಿ. ನಿಮಗರ ಕತ್ತಲಿ ರೂಢಿ ಅದ."

ಬಸ್ಸಿನಲ್ಲಿ ಅಪ್ಪ ಕಿಟಕಿಗೆ ಒರಗಿ ನಿದ್ದೆಹೋಗಿದ್ದ. ಅಕ್ಕ ಕೈಚೀಲ ತೆರೆದು ತೋರಿಸಿದಳು. ಸೀರೆಯ ಮಡಿಕೆಯಲ್ಲಿ ಪಿಂಗಾಣಿಯ ಬಿಳಿ ಫ್ಯೂಜ್. ಅದರ ತಂತಿ ಚೂರೂ ಸುಟ್ಟಿರಲಿಲ್ಲ.

"ಅಕ್ಕಾ, ಮೇನ್ ಬಂದ್ ಮಾಡಿ ತೆಗದಿಯೋ ಇಲ್ಲೋ? ಶಾಕ್ ಹೊಡದಿದ್ರ?" ಎಂದೆ ನಾನು.

"ನಾ ತೆಗದಿಲ್ಲೋ. ಅವರೇ ಕಿತ್ತು ಕೊಟ್ಟಾರ. ಕೂಸು ಹುಟ್ಟಿದ ಮ್ಯಾಲ ತಗೊಂಡ ಬಾ, ಅವಸರಿಲ್ಲ ಅಂದಾರ."

ಮರುದಿನ ಲೈನ್‌ಮನ್ ಹೊಸ ಫ್ಯೂಜ್ ಹಾಕಿದ, ನೆಂಟರು ವಾಪಸು ಬಂದರು, ಚಹಾ ಅತ್ತೆ ಮಾಡಿದರು. ಅಕ್ಕ ಕಮಲಾಪುರದ ಕತ್ತಲಲ್ಲಿ ಕಾಲು ಚಾಚಿ ಮಲಗಿದಳು. ಅಪ್ಪ ಮಾತ್ರ ಕೊನೆಯವರೆಗೂ "ದವಾಖಾನಿ ಮನಿ ಸೈತ ಕೈಕೊಟ್ತು ನೋಡು" ಎಂದು ಸರ್ಕಾರವನ್ನು ಬೈದ. ನಿದ್ದೆಗಣ್ಣಿನಲ್ಲಿ ತಾನು ಎಂಥ ಅಳಿಯನನ್ನು ಆರಿಸಿದ್ದೆನೆಂದು ಅವನಿಗೆ ತಿಳಿಯಲೇ ಇಲ್ಲ.

ನೆನಪು ಇಲ್ಲಿಗೆ ಬರುವಷ್ಟರಲ್ಲಿ ನನ್ನ ಹೆಂಡತಿ ಚಹಾ ತಂದಿಟ್ಟಳು. ಹಣೆಯ ಬೆವರು ಹುಬ್ಬಿಗೆ ಇಳಿದಿತ್ತು. ಅಡುಗೆಮನೆಯ ಫ್ಯಾನಿಗೆ ಇನ್ವರ್ಟರ್ ಸಂಪರ್ಕವಿಲ್ಲ. ಬ್ಯಾಟರಿ ಬೇಗ ಖಾಲಿಯಾದೀತೆಂದು ಬೇಡವೆಂದ ದೂರದೃಷ್ಟಿ ನನ್ನದು. ಎದುರು ಮನೆಯವರು, "ಇನ್ನ ಇಬ್ಬರು ಬರೋರದಾರ್ರಿ" ಎಂದರು.

ನಾನು ಎದ್ದು, ಬ್ಯಾಟರಿಯ ನೀರು ನೋಡುವವನಂತೆ ಬಗ್ಗಿ, ಸ್ವಿಚ್ ಒತ್ತಿದೆ. ಫ್ಯಾನು ನಿಂತಿತು.

"ಅಯ್ಯ, ಏನಾತ್ರೀ?"

"ಬ್ಯಾಟರಿ ಹೋತು ನೋಡ್ರಿ."

ಚಾರ್ಜರುಗಳು ಗೋಡೆ ಬಿಟ್ಟವು. ಚಪ್ಪಲಿಗಳ ಸದ್ದು ಓಣಿಯ ಮೂಲೆಮನೆಯ ಇನ್ವರ್ಟರ್ ಬೆಳಕಿನ ಕಡೆ ಹೋಯಿತು. ಹೆಂಡತಿ ಕತ್ತಲಲ್ಲಿ ತಡಕಾಡಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.

"ಬ್ಯಾಟರಿ ಹೊಸಾದಲ್ಲೇನ್ರೀ?"

"ಹೂಂ."

ಹೀಗೆ ಒಮ್ಮೆಲೇ ಬಂದ್ ಮಾಡಿದರೆ ಇನ್ವರ್ಟರ್ ಕೆಡುತ್ತದೋ ಏನೋ ಎಂದು ನಾನು ಚಿಂತಿಸುತ್ತಿರುವಾಗಲೇ, ಅವಳು ನನ್ನ ಕಪ್ಪಿನ ಚಹಾವನ್ನು ಸಾಸರಿಗೆ ಸುರಿದುಕೊಂಡು ನಿಧಾನವಾಗಿ ಕುಡಿಯುವ ಸದ್ದು ಕೇಳಿಸಿತು.