ಶೀಳನೆರೆಯವನು ಹಾಸಿದ ನೆಲ

"ಅಕ್ಕಾ, ನೀವು ನಮ್ ಕಡೆಯೋರಲ್ವಾ? ಒಂದು ಉಪ್ಕಾರ ಮಾಡ್ತೀರಾ?"

ಬೆಂಗಳೂರು ವಿಮಾನ ನಿಲ್ದಾಣದ ಹೊಸ ಟರ್ಮಿನಲ್ ಬಾಗಿಲಲ್ಲಿ, ನಾಗಮಂಗಲದಲ್ಲಿರುವ ಅಮ್ಮನೊಂದಿಗೆ ನಾನು ಫೋನಿನಲ್ಲಿ ಮಾತು ಮುಗಿಸುತ್ತಿದ್ದಂತೆ, ನನ್ನ ಮಾತಿನ ಧಾಟಿ ಕೇಳಿ ಒಬ್ಬಾತ ಎದುರು ನಿಂತ. ಜೊತೆಯಲ್ಲಿ ಕನಕಾಂಬರ ಮುಡಿದ ಹೆಂಡತಿ. ನಮ್ಮ ಪಕ್ಕದ ತಾಲ್ಲೂಕಿನ ಹಳ್ಳಿ ಶೀಳನೆರೆಯವರು. ಈ ಟರ್ಮಿನಲ್ ಕಟ್ಟುವಾಗ ಆತ ಒಳಗಿನ ನೆಲಕ್ಕೆ ಕಲ್ಲು ಹಾಸಿದ್ದನಂತೆ. ಅದನ್ನು ಹೆಂಡತಿಗೆ ತೋರಿಸಲೆಂದೇ ಬಸ್ಸು ಹತ್ತಿ ಬಂದಿದ್ದ. ಕೆಲಸ ಮಾಡಿದವನು ಅಂದರೆ ಒಳಗೆ ಬಿಡುತ್ತಾರೆ ಎಂದುಕೊಂಡಿದ್ದ; ಕಾವಲಿನವರು ಟಿಕೆಟ್ ಕೇಳಿದರು.

"ಒಳಕ್ಕೋದ್ರೆ ಎಡಕ್ಕೆ ಮೊದಲ್ನೇ ಕಂಬ. ಅದ್ರ ಸುತ್ತ ನಾನೇ ಆಸಿದ್ದು. ಒಂದು ಫೋಟೊ ತಗ್ದು ಇವ್ಳಿಗೆ ಕಳಿಸ್ಬುಡಿ ಅಕ್ಕ."

"ಸುಮ್ಕಿರಿ, ಅವ್ರಿಗೆ ಇಮಾನಕ್ಕೆ ಒತ್ತಾಯ್ತದೆ," ಎಂದು ಗಂಡನನ್ನು ಗದರುತ್ತಲೇ ಆಕೆ ನನಗೆ ತನ್ನ ಫೋನ್ ನಂಬರು ಹೇಳಿದಳು.

ಕಂಬ ಸಿಕ್ಕಿತು. ಅದರ ಬುಡ ಸುತ್ತಿ ಬಂದ ಕಲ್ಲುಗಳಲ್ಲಿ ಸಂದು ಎಲ್ಲಿದೆಯೆಂದು ಬಗ್ಗಿ ಹುಡುಕಬೇಕಿತ್ತು. ಫೋಟೊ ಕಳಿಸಿ ತಿರುಗಿದರೆ, ಗಾಜಿನಾಚೆ ಇಬ್ಬರೂ ಒಂದೇ ಫೋನಿನ ಮೇಲೆ ಬಾಗಿದ್ದರು. ಆಕೆ ಸೆರಗಿನಿಂದ ಫೋನಿನ ಗಾಜು ಒರೆಸಿ ಮತ್ತೆ ನೋಡಿದಳು.

ಆ ಫೋಟೊ ನನ್ನಲ್ಲಿ ಇನ್ನೂ ಇದೆ. ಅದರ ಮೂಲೆಯಲ್ಲಿ ನನ್ನ ಪಾದಗಳೂ ಬಿದ್ದಿವೆ, ಬರಿಗಾಲು. ಚಪ್ಪಲಿ ಯಾವಾಗ ಬಿಟ್ಟೆನೋ, ನನಗೇ ನೆನಪಿಲ್ಲ.